ಚದುರಿಹೋದ ಮೊಬೈಲ್ ಮಾಡಿಂಗ್ ತಿಳಿವಳಿಕೆಗೆ ಕನ್ನಡದಲ್ಲಿ ಒಂದು ವಿಕಿ ಕಟ್ಟಬಹುದೇ?

ಕುಷ್ಟಗಿ ಬಯಲು

ಹಳೆಯ ಫೋನಿಗೆ ಹೊಸ ಆಂಡ್ರಾಯ್ಡ್ ಹಾಕುವುದು, ಬೂಟ್‌ಲೋಡರ್ (ಫೋನು ಶುರುವಾಗುವಾಗ ಆಂಡ್ರಾಯ್ಡನ್ನು ಎಬ್ಬಿಸುವ ತಂತ್ರಾಂಶ) ಅನ್‌ಲಾಕ್ ಮಾಡುವುದು, ರೂಟ್ ಮಾಡುವುದು (ಫೋನಿನ ಪೂರ್ಣ ಹಿಡಿತ ಪಡೆಯುವುದು), ಡೆಡ್ ಆದ ಫೋನನ್ನು ಮತ್ತೆ ಎಬ್ಬಿಸುವುದು, ಮಾಡಿಂಗ್ ಎನ್ನುವ ಇಂಥ ಕೆಲಸ ಬಲ್ಲವರು ನಮ್ಮ ಕೊಪ್ಪಳ, ರಾಯಚೂರು, ಬಳ್ಳಾರಿ ಜಿಲ್ಲೆಗಳಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಆದರೆ ಅವರು ಕಲಿತದ್ದು ಒಂದು ಕಡೆ ಸಿಗುವುದಿಲ್ಲ. ಕೆಲವು ಸಂಗತಿ ಟೆಲಿಗ್ರಾಂ ಗುಂಪುಗಳಲ್ಲಿವೆ, ಕೆಲವು ಯೂಟ್ಯೂಬ್ ವಿಡಿಯೊಗಳಲ್ಲಿವೆ, ಕೆಲವು ಎಕ್ಸ್‌ಡಿಎ ಎಂಬ ಚರ್ಚಾ ತಾಣದ ನೂರಾರು ಪುಟದ ಇಂಗ್ಲಿಷ್ ಚರ್ಚೆಗಳಲ್ಲಿ ಹುದುಗಿವೆ, ಉಳಿದದ್ದು ರಿಪೇರಿ ಅಂಗಡಿಯವರ ತಲೆಯಲ್ಲಿದೆ. ಟೆಲಿಗ್ರಾಂನಲ್ಲಿ ಒಬ್ಬರು ರಾತ್ರಿಯೆಲ್ಲ ಕುಳಿತು ಬಿಡಿಸಿದ ಸಮಸ್ಯೆಯನ್ನು ಮುಂದಿನ ವಾರ ಇನ್ನೊಬ್ಬರು ಮೊದಲಿನಿಂದ ಕೇಳುತ್ತಾರೆ. ಕೇಳಿದವರದು ತಪ್ಪೇನಲ್ಲ. ಆ ಉತ್ತರ ಗೂಗಲ್‌ನಲ್ಲಿ ಹುಡುಕಿದರೆ ಬರುವುದಿಲ್ಲ, ಗುಂಪಿನೊಳಗೆ ಹುಡುಕಿದರೆ ಅರ್ಧರ್ಧ ಸಾಲಿನ ಸಂದೇಶಗಳ ರಾಶಿಯಲ್ಲಿ ಕೈಗೆ ಹತ್ತುವುದಿಲ್ಲ.

ಹೀಗೆ ಬಿಟ್ಟರೆ ಇದೆಲ್ಲ ಉಳಿಯುವುದಿಲ್ಲ ಎಂಬುದನ್ನು ಹಿಂದೆ ನೋಡಿದ್ದೇವೆ. 2012ರ ಜನವರಿಯಲ್ಲಿ ಕಡತ ಹಂಚುವ ತಾಣವಾದ ಮೆಗಾಅಪ್‌ಲೋಡ್ ಮುಚ್ಚಿದಾಗ ಎಷ್ಟೋ ಕಸ್ಟಮ್ ರಾಮ್‌ಗಳ (ಕಂಪನಿಯಲ್ಲದೆ ಹೊರಗಿನವರು ತಯಾರಿಸಿದ ಆಂಡ್ರಾಯ್ಡ್ ರೂಪಗಳ) ಕೊಂಡಿಗಳು ಒಂದೇ ದಿನದಲ್ಲಿ ಸತ್ತುಹೋದವು. 2016ರ ಡಿಸೆಂಬರ್ ಕೊನೆಯಲ್ಲಿ ಸೈನೋಜೆನ್‌ಮಾಡ್ ಎಂಬ ಕಸ್ಟಮ್ ರಾಮ್ ಯೋಜನೆ ನಿಂತಾಗ ಅದರ ವಿಕಿಯೂ ಜಾಲದಿಂದ ಮರೆಯಾಯಿತು. 2017ರಲ್ಲಿ ಫೋಟೋಬಕೆಟ್ ತನ್ನಲ್ಲಿದ್ದ ಚಿತ್ರಗಳನ್ನು ಬೇರೆ ತಾಣಗಳಲ್ಲಿ ತೋರಿಸುವುದಕ್ಕೆ ಹಣ ಕೇಳಿದ ಮೇಲೆ, ಚಿತ್ರಗಳನ್ನೇ ನಂಬಿ ಬರೆದಿದ್ದ ಮಾರ್ಗದರ್ಶಿಗಳು ಓದಲಾರದಂತಾದವು. 2019ರ ಏಪ್ರಿಲ್‌ನಲ್ಲಿ ಗೂಗಲ್ ಪ್ಲಸ್ ಜೊತೆಗೆ ಅಲ್ಲಿನ ಮಾಡಿಂಗ್ ಸಮುದಾಯಗಳ ಬರಹಗಳೂ ಹೋದವು.

ನಾವು ಒಂದು ವಿಕಿ ಕಟ್ಟಬೇಕೆಂಬುದು ನನ್ನ ಆಸೆ. ಮೊದಲು ಯಾವುದನ್ನು ಬರೆಯಬೇಕು, ಎಲ್ಲಿ ಇಡಬೇಕು, ಬರೆದದ್ದು ಸರಿಯೆಂದು ಯಾರು ಹೇಳಬೇಕು ಎಂಬ ಬಗ್ಗೆ ನಿಮ್ಮ ಅಭಿಪ್ರಾಯ ಬೇಕು.

ಬಳ್ಳಾರಿ ವಿದ್ಯಾರ್ಥಿನಿ

ಖಂಡಿತ ಕಟ್ಟಬೇಕು ಸರ್. ನಾನು ಬರೆಯಲು ಸಿದ್ಧಳಿದ್ದೇನೆ.

ರಾಯಚೂರು ರಿಪೇರಿ ಅಂಗಡಿ

ಉತ್ಸಾಹ ಒಳ್ಳೆಯದು, ಆದರೆ ನನ್ನ ಅಭ್ಯಂತರವನ್ನು ಮೊದಲೇ ಹೇಳಿಬಿಡುತ್ತೇನೆ. ನನ್ನ ಅಂಗಡಿಗೆ ಬರುವ ಡೆಡ್ ಫೋನುಗಳಲ್ಲಿ ಹೆಚ್ಚಿನವು ತಾವಾಗಿಯೇ ಕೆಟ್ಟವಲ್ಲ. ಎಲ್ಲೋ ಓದಿ, ಎಲ್ಲೋ ನೋಡಿ, ಬೇರೆ ಮಾಡೆಲ್‌ನ ಫೈಲ್ ಹಾಕಿಕೊಂಡು ಬಂದವು. ವಿಡಿಯೊ ನೋಡಿದವರು ಕೊನೆಗೆ ಸ್ವಲ್ಪ ಅನುಮಾನವನ್ನಾದರೂ ಇಟ್ಟುಕೊಂಡಿರುತ್ತಾರೆ. ಅಚ್ಚುಕಟ್ಟಾದ ಪುಟದಲ್ಲಿ ಒಂದು, ಎರಡು, ಮೂರು ಎಂದು ಬರೆದಿದ್ದರೆ ಜನ ಅದನ್ನು ಕಣ್ಣು ಮುಚ್ಚಿ ನಂಬುತ್ತಾರೆ. ತಪ್ಪು ಪುಟ ಇರುವುದಕ್ಕಿಂತ ಪುಟವೇ ಇಲ್ಲದಿರುವುದು ಲೇಸು.

ಗಂಗಾವತಿ ಮೇಷ್ಟ್ರು

ರಿಪೇರಿಯವರ ಮಾತಿನಲ್ಲಿ ಅರ್ಧ ಸತ್ಯವಿದೆ. ಆದರೆ ಪುಟವಿಲ್ಲದಿದ್ದರೆ ಜನ ಸುಮ್ಮನಿರುವುದಿಲ್ಲ, ಇನ್ನೂ ಕೆಟ್ಟ ಮೂಲವನ್ನು ಹಿಡಿಯುತ್ತಾರೆ. ತಪ್ಪು ವಿಡಿಯೊವನ್ನು ತಿದ್ದಲು ನೋಡಿದವರಿಗೆ ದಾರಿಯಿಲ್ಲ, ವಿಕಿಯ ತಪ್ಪು ಸಾಲನ್ನು ಕಂಡವರು ಆ ಕ್ಷಣವೇ ತಿದ್ದಬಹುದು. ಯಾರು, ಯಾವಾಗ, ಏನನ್ನು ಬದಲಿಸಿದರು ಎಂಬ ಇತಿಹಾಸವೂ ಉಳಿಯುತ್ತದೆ.

ಸಂಡೂರು ಗುಡ್ಡ

ಹೊಸದನ್ನು ಏಕೆ ಕಟ್ಟಬೇಕು? ಕನ್ನಡ ವಿಕಿಪೀಡಿಯ 2003ರಿಂದಲೂ ಇದೆಯಲ್ಲ, ಅಲ್ಲಿಯೇ ಬರೆದರೆ ಆಗದೇ?

ಬಳ್ಳಾರಿ ವಿದ್ಯಾರ್ಥಿನಿ

ಆಗುವುದಿಲ್ಲ ಅಣ್ಣ. ವಿಕಿಪೀಡಿಯ ವಿಶ್ವಕೋಶ, ಕೈಪಿಡಿಯಲ್ಲ. ಅಲ್ಲಿ ಪ್ರಕಟವಾದ ಮೂಲಗಳ ಆಧಾರ ಬೇಕು, ನಾವೇ ಪರೀಕ್ಷಿಸಿ ಕಂಡುಕೊಂಡದ್ದನ್ನು ಸೇರಿಸುವಂತಿಲ್ಲ. ನಮ್ಮ ಇಡೀ ಕೆಲಸವೇ ಸ್ವಂತ ಪರೀಕ್ಷೆಯದು. ಆಂಡ್ರಾಯ್ಡ್ ಎಂದರೇನು, ಬೂಟ್‌ಲೋಡರ್ ಎಂದರೇನು ಎಂಬ ಸಾಮಾನ್ಯ ಲೇಖನಗಳನ್ನು ಅಲ್ಲಿ ಬರೆದು, ನಮ್ಮ ಪುಟಗಳಿಂದ ಅವಕ್ಕೆ ಕೊಂಡಿ ಕೊಡಬಹುದು.

ಹಟ್ಟಿ ಗಣಿ

ಪುಟದ ಹೆಸರಿನ ವಿಷಯವನ್ನು ಮೊದಲು ತೀರ್ಮಾನಿಸಿರಿ. ಇದು ಸಣ್ಣ ಸಂಗತಿಯಂತೆ ಕಂಡರೂ ಫೋನುಗಳು ಸಾಯುವುದು ಇಲ್ಲಿಯೇ. 2018ರ ಫೆಬ್ರುವರಿಯಲ್ಲಿ ಭಾರತದಲ್ಲಿ ಬಿಡುಗಡೆಯಾದ ರೆಡ್ಮಿ ನೋಟ್ 5 ಎಂಬ ಫೋನಿನ ಕೋಡ್‌ನೇಮ್ (ತಯಾರಕರು ಒಳಗೆ ಬಳಸುವ ಹೆಸರು) ವಿನ್ಸ್, ಹೊರದೇಶಗಳಲ್ಲಿ ಅದನ್ನೇ ರೆಡ್ಮಿ 5 ಪ್ಲಸ್ ಎಂದು ಮಾರಿದರು. ಹೊರದೇಶಗಳಲ್ಲಿ ರೆಡ್ಮಿ ನೋಟ್ 5 ಎಂದು ಮಾರಿದ್ದು ವೈರೆಡ್ ಎಂಬ ಬೇರೆಯೇ ಫೋನನ್ನು, ಅದು ನಮ್ಮಲ್ಲಿ ನೋಟ್ 5 ಪ್ರೊ. ಒಂದರಲ್ಲಿ ಸ್ನ್ಯಾಪ್‌ಡ್ರ್ಯಾಗನ್ 625 ಚಿಪ್, ಇನ್ನೊಂದರಲ್ಲಿ 636. ಸಿಂಧನೂರಿನ ಹುಡುಗನೊಬ್ಬ ಹೊರದೇಶದವರು ಬರೆದ ‘ರೆಡ್ಮಿ ನೋಟ್ 5’ ಮಾರ್ಗದರ್ಶಿಯನ್ನು ಓದಿ ತನ್ನ ಫೋನಿಗೆ ಹಾಕಲು ಹೊರಟರೆ ಏನಾಗಬಹುದೆಂದು ಊಹಿಸಿರಿ. ರೆಡ್ಮಿ ನೋಟ್ 4ರಲ್ಲೂ ಹೀಗೆಯೇ ಇದೆ, ನಮ್ಮಲ್ಲಿ ಮಾರಾಟವಾದ ಮಿಡೋದಲ್ಲಿ ಸ್ನ್ಯಾಪ್‌ಡ್ರ್ಯಾಗನ್, ಚೀನಾದಲ್ಲಿ ಬಂದ ನಿಕೆಲ್‌ನಲ್ಲಿ ಮೀಡಿಯಾಟೆಕ್.

ಆದ್ದರಿಂದ ಪುಟದ ಹೆಸರು ಕೋಡ್‌ನೇಮ್ ಆಗಿರಬೇಕು. ಪೆಟ್ಟಿಗೆಯ ಮೇಲಿನ ಹೆಸರನ್ನು ಹುಡುಕಿದವರಿಗೆ, ನಿಮ್ಮದು ಇವುಗಳಲ್ಲಿ ಯಾವುದು ಎಂದು ಕೇಳುವ ಮಧ್ಯಂತರ ಪುಟವೊಂದು ಸಿಗಬೇಕು. ಫಾಸ್ಟ್‌ಬೂಟ್‌ನಲ್ಲಿ (ಕಂಪ್ಯೂಟರಿನಿಂದ ಫೋನಿಗೆ ಆಜ್ಞೆ ಕೊಡುವ ಸ್ಥಿತಿಯಲ್ಲಿ) ಪ್ರಾಡಕ್ಟ್ ಹೆಸರು ಕೇಳಿ ಕೋಡ್‌ನೇಮ್ ಖಚಿತಪಡಿಸಿಕೊಳ್ಳುವುದು ಹೇಗೆಂಬುದು ಪ್ರತಿ ಪುಟದ ಮೊದಲ ಹೆಜ್ಜೆಯಾಗಬೇಕು. ಆಜ್ಞೆಗಳನ್ನು ಮಾತ್ರ ಇಂಗ್ಲಿಷ್ ಅಕ್ಷರಗಳಲ್ಲೇ ಇಡಿ, ಓದುವವರು ಅದನ್ನು ಹಾಗೆಯೇ ನಕಲಿಸಿ ಹಾಕುತ್ತಾರೆ.

ರಾಯಚೂರು ರಿಪೇರಿ ಅಂಗಡಿ

ಹಟ್ಟಿಯವರು ಹೇಳಿದ್ದು ನೂರಕ್ಕೆ ನೂರು ಸರಿ. ಗಿರಾಕಿಯನ್ನು ಮಾಡೆಲ್ ಕೇಳಿದರೆ ಕವರಿನ ಮೇಲಿನ ಹೆಸರು ಹೇಳುತ್ತಾರೆ.

ಮಾನ್ವಿ ಓದುಗ

ಲಿನೇಜ್‌ಓಎಸ್‌ನವರ ವಿಕಿಯನ್ನು ನೋಡಿದವರಿಗೆ ಈ ಶಿಸ್ತು ಗೊತ್ತಿರುತ್ತದೆ. ಸೈನೋಜೆನ್‌ಮಾಡ್ ನಿಂತ ಮೇಲೆ ಹುಟ್ಟಿದ ಈ ಯೋಜನೆಯಲ್ಲಿ ಪ್ರತಿ ಫೋನಿನ ವಿವರ ಒಂದು ಸಣ್ಣ ಪಠ್ಯ ಕಡತದಲ್ಲಿರುತ್ತದೆ. ಕೋಡ್‌ನೇಮ್, ಚಿಪ್, ಅನ್‌ಲಾಕ್ ವಿಧಾನ, ರಿಕವರಿಗೆ (ಫೋನನ್ನು ಸರಿಪಡಿಸುವ, ಹೊಸ ತಂತ್ರಾಂಶ ಹಾಕುವ ಸ್ಥಿತಿಗೆ) ಹೋಗಲು ಒತ್ತಬೇಕಾದ ಕೀಲಿಗಳು ಇತ್ಯಾದಿ. ಆ ಕಡತಗಳಿಂದ ಪುಟಗಳು ತಾವಾಗಿ ತಯಾರಾಗುತ್ತವೆ. ಹೀಗಾಗಿ ಒಂದೇ ಎಚ್ಚರಿಕೆಯನ್ನು ನೂರು ಪುಟಗಳಲ್ಲಿ ನೂರು ಬಗೆಯಲ್ಲಿ ಬರೆಯುವ ಅವಾಂತರವಿಲ್ಲ. 2017ರಲ್ಲಿ ಶುರುವಾದ ಪೋಸ್ಟ್‌ಮಾರ್ಕೆಟ್‌ಓಎಸ್ ಎಂಬ, ಹಳೆಯ ಫೋನುಗಳಿಗೆ ಲಿನಕ್ಸ್ ತರುವ ಯೋಜನೆಯ ವಿಕಿಯಲ್ಲಿ ಪ್ರತಿ ಫೋನಿಗೂ ಕ್ಯಾಮೆರಾ, ಕರೆ, ವೈಫೈ, ಪರದೆ ಇವು ಕೆಲಸ ಮಾಡುತ್ತವೆಯೋ, ಅರೆಬರೆಯೋ, ಇಲ್ಲವೋ ಎಂಬ ಕೋಷ್ಟಕವಿದೆ. ನನಗೆ ಅದು ಬಹಳ ಮೆಚ್ಚುಗೆಯಾಯಿತು, ಏಕೆಂದರೆ ಅಲ್ಲಿ ‘ಇಲ್ಲ’ ಎಂಬುದನ್ನೂ ‘ಹೌದು’ ಎಂಬಷ್ಟೇ ಸ್ಪಷ್ಟವಾಗಿ ಬರೆಯುತ್ತಾರೆ.

ಕುಷ್ಟಗಿ ಬಯಲು

ನಮ್ಮ ಕೋಷ್ಟಕಕ್ಕೆ ನಮ್ಮ ಭಾಗದ ಪ್ರಶ್ನೆಗಳನ್ನು ಸೇರಿಸಬೇಕು. ಯೂರೋಪಿನವರು ಬರೆದ ರಾಮ್ ವಿವರಣೆಯಲ್ಲಿ ‘ಕರೆ ಕೆಲಸ ಮಾಡುತ್ತದೆ’ ಎಂದಿರುತ್ತದೆ. ಅದು ನಮಗೆ ಸಾಲದು. ಜಿಯೋದಲ್ಲಿ 2ಜಿ, 3ಜಿ ಇಲ್ಲವೇ ಇಲ್ಲ. ವೋಲ್ಟಿ (4ಜಿ ಮೇಲೆಯೇ ಕರೆ ಮಾಡುವ ವ್ಯವಸ್ಥೆ) ಕೈಕೊಟ್ಟರೆ ಜಿಯೋ ಸಿಮ್‌ನಿಂದ ಮಾಮೂಲಿ ಕರೆ ಹೋಗುವುದೂ ಇಲ್ಲ, ಬರುವುದೂ ಇಲ್ಲ. ಹಳ್ಳಿಗಳಲ್ಲಿ ಬಿಎಸ್‌ಎನ್‌ಎಲ್ ಇಟ್ಟುಕೊಂಡವರು 4ಜಿಗಾಗಿ 700 ಮೆಗಾಹರ್ಟ್ಸ್‌ನ ಬ್ಯಾಂಡ್ 28 ತಮ್ಮ ಫೋನಿನಲ್ಲಿದೆಯೇ ಎಂದು ಕೇಳುತ್ತಾರೆ. ಈ ಎರಡು ಸಾಲುಗಳು ಕೋಷ್ಟಕದ ಮೇಲ್ಭಾಗದಲ್ಲೇ ಇರಬೇಕೆಂದು ನನ್ನ ಒತ್ತಾಯ. ಹಣ ಪಾವತಿ ಆ್ಯಪ್‌ಗಳು ತೆರೆಯುತ್ತವೆಯೇ ಎಂಬುದು ಮೂರನೆಯದು. ಫೋನಿನ ತಂತ್ರಾಂಶ ಬದಲಾಗಿದೆಯೇ ಎಂದು ನೋಡುವ ಗೂಗಲ್‌ನ ಪ್ಲೇ ಇಂಟೆಗ್ರಿಟಿ ತಪಾಸಣೆಯಲ್ಲಿ ಅನ್‌ಲಾಕ್ ಆದ ಫೋನುಗಳು ಸಿಕ್ಕಿಬೀಳುವುದರಿಂದ, ಒಂದೇ ಫೋನಿರುವ ಮನೆಯವರಿಗೆ ಇದನ್ನು ಮೊದಲೇ ಹೇಳದಿರುವುದು ಅನ್ಯಾಯ.

ಸಿಂಧನೂರು ಕಾಲುವೆ

ಬಿಸಿಲನ್ನು ಮರೆಯಬೇಡಿ. ಥರ್ಮಲ್ ಮಿತಿ (ಫೋನು ಕಾದಾಗ ವೇಗ ತಗ್ಗಿಸುವ ಏರ್ಪಾಡು) ತೆಗೆದುಹಾಕಿ ಆಟದ ವೇಗ ಹೆಚ್ಚಿಸುವ ಮಾಡ್ಯೂಲ್‌ಗಳು ಬೇಕಾದಷ್ಟು ಹರಿದಾಡುತ್ತಿವೆ. ಅವನ್ನು ತಂಪು ದೇಶದಲ್ಲಿ ಕುಳಿತು ಪರೀಕ್ಷಿಸಿದವರ ಮಾತು ರಾಯಚೂರಿಗೂ ಬಳ್ಳಾರಿಗೂ ಹೊಂದುವುದಿಲ್ಲ. ಬೇಸಿಗೆಯಲ್ಲಿ ಹೊರಗಿನ ಉಷ್ಣಾಂಶವೇ 40 ಡಿಗ್ರಿ ದಾಟುವ ಊರಿನಲ್ಲಿ, ಚಾರ್ಜಿಗೆ ಹಾಕಿದ ಫೋನಿನ ಆ ಮಿತಿಯನ್ನು ತೆಗೆದರೆ ಲಿಥಿಯಂ ಬ್ಯಾಟರಿ ಬೇಗ ಹಾಳಾಗುತ್ತದೆ, ಉಬ್ಬುತ್ತದೆ. ಪರೀಕ್ಷೆ ಯಾವ ತಿಂಗಳಲ್ಲಿ, ಯಾವ ಊರಿನಲ್ಲಿ ನಡೆಯಿತು ಎಂಬ ಸಾಲು ಇಂಥ ಪುಟಗಳಿಗೆ ಕಡ್ಡಾಯವಾಗಲಿ.

ಬಳ್ಳಾರಿ ವಿದ್ಯಾರ್ಥಿನಿ

ಊರು, ತಿಂಗಳು ಮಾತ್ರವಲ್ಲ, ವರ್ಷವೂ ಬೇಕು. ಮಾಡಿಂಗ್‌ನಲ್ಲಿ ಒಂದು ಕಾಲದ ಸರಿಯಾದ ಉತ್ತರ ಮುಂದಿನ ಕಾಲಕ್ಕೆ ತಪ್ಪಾಗುತ್ತದೆ. 2015ರ ಮಾರ್ಗದರ್ಶಿಗಳೆಲ್ಲ ರಿಕವರಿ ವಿಭಾಗಕ್ಕೆ (ಫೋನಿನ ಸ್ಟೋರೇಜಿನಲ್ಲಿ ರಿಕವರಿಗೆ ಮೀಸಲಾದ ಭಾಗಕ್ಕೆ) ಟಿಡಬ್ಲ್ಯುಆರ್‌ಪಿ ಎಂಬ ರಿಕವರಿ ತಂತ್ರಾಂಶ ಹಾಕಿ, ಅಲ್ಲಿಂದ ರಾಮ್‌ನ ಜಿಪ್ ಕಡತ ಹೊಡೆಯಿರಿ ಎನ್ನುತ್ತವೆ. 2016ರ ಆಂಡ್ರಾಯ್ಡ್ 7ರೊಂದಿಗೆ ಎ/ಬಿ ವಿಭಾಗಗಳು (ಸಿಸ್ಟಮ್‌ನ ಎರಡು ಪ್ರತಿಗಳಿಗೆ ಜಾಗ) ಬಂದವು, ಅಂಥ ಅನೇಕ ಫೋನುಗಳಲ್ಲಿ ಪ್ರತ್ಯೇಕ ರಿಕವರಿ ವಿಭಾಗವೇ ಇಲ್ಲ. ಆಂಡ್ರಾಯ್ಡ್ 10ರಲ್ಲಿ ಸಿಸ್ಟಮ್, ವೆಂಡರ್ ಇವೆಲ್ಲ ಸೂಪರ್ ಎಂಬ ಒಂದೇ ವಿಭಾಗದೊಳಗೆ ಸೇರಿದ ಮೇಲೆ ಹಳೆಯ ಫಾಸ್ಟ್‌ಬೂಟ್ ಕ್ರಮ ಅಲ್ಲಿ ನಡೆಯುವುದಿಲ್ಲ, ಫಾಸ್ಟ್‌ಬೂಟ್‌ಡಿ ಎಂಬ ಹೊಸ ಸ್ಥಿತಿಗೆ ಹೋಗಬೇಕು. ರೂಟ್ ಮಾಡುವ ಮ್ಯಾಜಿಸ್ಕ್ ಹಾಕಲು ಬೂಟ್ ಇಮೇಜನ್ನು (ಫೋನು ಶುರುವಾಗಲು ಬೇಕಾದ ಕಡತವನ್ನು) ಪ್ಯಾಚ್ ಮಾಡಿ ಎಂಬ ಮಾತು ಕೂಡ ಆಂಡ್ರಾಯ್ಡ್ 13ರೊಂದಿಗೆ ಮಾರುಕಟ್ಟೆಗೆ ಬಂದ ಫೋನುಗಳಲ್ಲಿ ಇನಿಟ್ ಬೂಟ್ ಇಮೇಜ್ ಎಂದಾಗಿದೆ. ಈ ಮೂರೂ ಬದಲಾವಣೆಗಳನ್ನು ದಾಟದೆ ಉಳಿದ ಸಲಹೆಗಳನ್ನು ಇಂದಿಗೂ ಜನ ನಕಲಿಸಿ ಹಂಚುತ್ತಿದ್ದಾರೆ.

ನನ್ನ ಸಲಹೆ ಏನೆಂದರೆ, ಪುಟದ ತುಂಬ ಹೆಜ್ಜೆಗಳನ್ನು ಬರೆದು ಕೊನೆಗೊಂದು ದಿನಾಂಕ ಹಾಕುವ ಬದಲು, ಪ್ರತಿ ಹೆಜ್ಜೆಯ ಪಕ್ಕದಲ್ಲೂ ಯಾವ ಆಂಡ್ರಾಯ್ಡ್ ಆವೃತ್ತಿಯಲ್ಲಿ, ಯಾವ ಫರ್ಮ್‌ವೇರ್ (ಕಂಪನಿ ಕೊಟ್ಟ ಮೂಲ ತಂತ್ರಾಂಶ) ಮೇಲೆ, ಎಷ್ಟು ಮಂದಿ ಪರೀಕ್ಷಿಸಿದರು ಎಂಬುದನ್ನು ಬರೆಯಬೇಕು. ಒಬ್ಬರೇ ಪರೀಕ್ಷಿಸಿದ್ದನ್ನು ಒಬ್ಬರೇ ಪರೀಕ್ಷಿಸಿದ್ದು ಎಂದು ತೋರಿಸಬೇಕು.

ಸಂಡೂರು ಗುಡ್ಡ

ಇಷ್ಟೆಲ್ಲ ಕಟ್ಟುಪಾಡು ಹಾಕಿದರೆ ಬರೆಯುವವರು ಯಾರು ಬರುತ್ತಾರೆ? ಟೆಲಿಗ್ರಾಂನಲ್ಲಿ ಜನ ಉತ್ತರಿಸುವುದು ಅಲ್ಲಿ ಸುಲಭವೆಂದೇ. ದುಡಿಮೆ ಮುಗಿಸಿ ರಾತ್ರಿ ಹತ್ತಕ್ಕೆ ಮನೆಗೆ ಬಂದವರಿಗೆ ಫಾರಂ ತುಂಬುವ ತಾಳ್ಮೆ ಇರುವುದಿಲ್ಲ.

ಗಂಗಾವತಿ ಮೇಷ್ಟ್ರು

ಇದು ಒಪ್ಪತಕ್ಕ ಪ್ರಶ್ನೆ. ಇಬ್ಬರ ಕೆಲಸವನ್ನೂ ಬೇರ್ಪಡಿಸೋಣ. ಬಲ್ಲವರು ತಮಗೆ ಅನುಕೂಲವಾದ ಕಡೆ, ಧ್ವನಿ ಸಂದೇಶದಲ್ಲಾದರೂ ಸರಿ, ಹೇಳಲಿ. ಅದನ್ನು ಕೇಳಿ ಪುಟದ ರೂಪಕ್ಕೆ ತರುವವರು ಬೇರೆ ಇರಲಿ. ನಮ್ಮ ರಿಪೇರಿ ಅಂಗಡಿಗಳಲ್ಲಿ ಕೆಲಸ ಮಾಡುವ ಎಷ್ಟೋ ಹುಡುಗರು ಮಾತಿನಲ್ಲಿ ಉರ್ದು, ತೆಲುಗು, ಕನ್ನಡ ಮೂರನ್ನೂ ಬೆರೆಸುತ್ತಾರೆ. ಅವರ ಕೈಗೆ ಗೊತ್ತಿರುವುದು ಬರಹದಲ್ಲಿ ಒಂದು ಸಾಲೂ ಇಲ್ಲ. ಅವರನ್ನು ಟೈಪ್ ಮಾಡಿ ಎಂದರೆ ನಾವು ಅವರನ್ನು ಕಳೆದುಕೊಳ್ಳುತ್ತೇವೆ. ನಮ್ಮ ಕಾಲೇಜು ಮಕ್ಕಳು ಕೇಳಿ ಬರೆದುಕೊಂಡರೆ, ಬರೆದದ್ದನ್ನು ಅವರಿಗೇ ಓದಿ ಹೇಳಿ ಒಪ್ಪಿಗೆ ಪಡೆದರೆ, ಎರಡೂ ಕಡೆ ಒಳ್ಳೆಯದಾಗುತ್ತದೆ.

ರಾಯಚೂರು ರಿಪೇರಿ ಅಂಗಡಿ

ಮೇಷ್ಟ್ರೇ, ನೀವು ಹೇಳುವ ಆ ಹುಡುಗರ ಹೊಟ್ಟೆಪಾಡಿನ ಮಾತನ್ನೂ ಆಡಬೇಕಲ್ಲ. ಸಾಫ್ಟ್‌ವೇರ್ ಹೊಡೆಯುವುದಕ್ಕೆ ಅಂಗಡಿಯಲ್ಲಿ ನಾಲ್ಕು ಕಾಸು ಸಿಗುತ್ತದೆ. ಅದರ ಗುಟ್ಟನ್ನೆಲ್ಲ ಪುಟದಲ್ಲಿ ಇಟ್ಟುಬಿಟ್ಟರೆ ನಾಳೆ ಅವರಿಗೆ ಯಾರು ಕೊಡುತ್ತಾರೆ?

ಹಟ್ಟಿ ಗಣಿ

ಅಣ್ಣ, ಪುಟ ಓದಿ ತಾನೇ ಮಾಡಿಕೊಳ್ಳುವವರು ಇವತ್ತೂ ಅಂಗಡಿಗೆ ಬರುತ್ತಿಲ್ಲ. ಅಂಗಡಿಗೆ ಬರುವವರಿಗೆ ಬೇಕಿರುವುದು ಕೆಲಸ ಆಗುವುದು, ಫೋನಿನಲ್ಲಿರುವ ಫೋಟೊ ಉಳಿಯುವುದು. ವಿಕಿಯಿಂದ ಮೊದಲು ಲಾಭವಾಗುವುದು ಹೊಸದಾಗಿ ಕೆಲಸ ಕಲಿಯುತ್ತಿರುವ ಹುಡುಗನಿಗೇ. ಹಿರಿಯರು ಊರಿಗೆ ಹೋದ ದಿನ ಅಪರೂಪದ ಫೋನು ಬಂದರೆ ಅವನು ಯಾರನ್ನು ಕೇಳಬೇಕು?

ರಾಯಚೂರು ರಿಪೇರಿ ಅಂಗಡಿ

ಈ ಮಾತಿಗೆ ನನ್ನಲ್ಲಿ ಉತ್ತರವಿಲ್ಲ, ಒಪ್ಪುತ್ತೇನೆ. ಆದರೆ ನನ್ನಿಂದ ಬರೆಸುವುದಾದರೆ ಹೆಜ್ಜೆಗಳನ್ನಲ್ಲ, ಕೈ ಹಾಕಬಾರದ ಜಾಗಗಳನ್ನು ಮೊದಲು ಬರೆಸಿರಿ. ಮೀಡಿಯಾಟೆಕ್ ಫೋನುಗಳಿಗೆ ತಂತ್ರಾಂಶ ಹಾಕಲು ಎಸ್‌ಪಿ ಫ್ಲ್ಯಾಶ್ ಟೂಲ್ ಬಳಸುವವರು ‘ಫಾರ್ಮ್ಯಾಟ್ ಆಲ್’ ಆಯ್ಕೆಯನ್ನು ಒತ್ತಿಬಿಡುತ್ತಾರೆ. ಅದರಿಂದ ಎನ್‌ವಿರಾಮ್ (ಫೋನಿನ ಸ್ವಂತ ವಿವರಗಳಿರುವ ಜಾಗ) ಅಳಿಸಿಹೋಗಿ ಐಎಂಇಐ (ಫೋನಿನ ಗುರುತಿನ ಸಂಖ್ಯೆ) ಮಾಯವಾಗುತ್ತದೆ, ಆಮೇಲೆ ಸಿಗ್ನಲ್ ಬರುವುದಿಲ್ಲ. ಸ್ಯಾಮ್‌ಸಂಗ್‌ನಲ್ಲಿ ಬೇರೆ ಇಮೇಜ್ ಹಾಕಿದರೆ ನಾಕ್ಸ್ ಫ್ಯೂಸ್ (ತಂತ್ರಾಂಶ ಬದಲಾಯಿತೆಂದು ಗುರುತು ಹಾಕುವ ಭದ್ರತಾ ಫ್ಯೂಸ್) ಒಮ್ಮೆ ಸುಟ್ಟದ್ದು ಮತ್ತೆ ಸರಿಯಾಗುವುದಿಲ್ಲ, ಖಾಸಗಿ ಕಡತಗಳನ್ನು ಬೀಗ ಹಾಕಿ ಇಡುವ ಸೆಕ್ಯೂರ್ ಫೋಲ್ಡರ್ ಶಾಶ್ವತವಾಗಿ ಹೋಗುತ್ತದೆ. ಶಿಯೋಮಿಯ ನೋಟ್ 5 ಪ್ರೊಗೆ 2018ರಲ್ಲಿ ಆ್ಯಂಟಿ ರೋಲ್‌ಬ್ಯಾಕ್ ಬಂದ ಮೇಲೆ ಹಳೆಯ ಆವೃತ್ತಿಗೆ ಇಳಿಸಲು ಹೋದರೆ ಫೋನು ಪೂರ್ತಿ ಡೆಡ್. ಬೂಟ್‌ಲೋಡರ್ ಅನ್‌ಲಾಕ್ ಮಾಡಿದರೆ ಒಳಗಿರುವುದೆಲ್ಲ ಅಳಿಸಿಹೋಗುತ್ತದೆ ಎಂಬ ಸರಳ ಸಂಗತಿಯೂ ಎಷ್ಟೋ ಮಂದಿಗೆ ಗೊತ್ತಿಲ್ಲ, ಮಗುವಿನ ಫೋಟೊ ಹೋಯಿತೆಂದು ಕಣ್ಣೀರು ಹಾಕಿದವರನ್ನು ನೋಡಿದ್ದೇನೆ. ಇವಿಷ್ಟು ಪುಟಗಳು ಮೊದಲು ಬರಲಿ, ಉಳಿದದ್ದು ಆಮೇಲೆ.

ಮಾನ್ವಿ ಓದುಗ

ಐಎಂಇಐ ಮಾತು ಬಂದದ್ದರಿಂದ ಕೇಳುತ್ತೇನೆ, ಅದನ್ನು ಮತ್ತೆ ಬರೆಯುವ ವಿಧಾನವನ್ನು ವಿಕಿಯಲ್ಲಿ ಇಡುವುದೋ ಬೇಡವೋ?

ಗಂಗಾವತಿ ಮೇಷ್ಟ್ರು

ಬೇಡವೇ ಬೇಡ. ಐಎಂಇಐ ಬದಲಿಸುವುದನ್ನು 2017ರ ನಿಯಮಗಳೇ ನಿಷೇಧಿಸಿದ್ದವು. 2023ರ ದೂರಸಂಪರ್ಕ ಕಾಯ್ದೆಯಂತೆ ಅದಕ್ಕೆ ಮೂರು ವರ್ಷದವರೆಗೆ ಸೆರೆವಾಸ, 50 ಲಕ್ಷ ರೂಪಾಯಿಯವರೆಗೆ ದಂಡ ಅಥವಾ ಎರಡೂ ಆಗಬಹುದು. ಕೆಲಸಕ್ಕೆ ಮುಂಚೆ ಎನ್‌ವಿರಾಮ್, ಇಎಫ್‌ಎಸ್, ಪರ್ಸಿಸ್ಟ್ ಎಂಬ, ಫೋನಿನ ಸ್ವಂತ ವಿವರಗಳಿರುವ ವಿಭಾಗಗಳ ಬ್ಯಾಕಪ್ ತೆಗೆದಿಡುವುದನ್ನು ವಿವರವಾಗಿ ಹೇಳೋಣ, ಅಗತ್ಯವೇ ಬೀಳದಂತೆ ನೋಡಿಕೊಳ್ಳೋಣ. ಸೆಕೆಂಡ್ ಹ್ಯಾಂಡ್ ಫೋನು ಕೊಳ್ಳುವವರು ಕೆವೈಎಂ ಎಂದು ಬರೆದು ಐಎಂಇಐ ಸಂಖ್ಯೆಯೊಂದಿಗೆ 14422ಕ್ಕೆ ಸಂದೇಶ ಕಳಿಸಿ ಪರಿಶೀಲಿಸಬಹುದೆಂಬುದನ್ನೂ ಅದೇ ಪುಟದಲ್ಲಿ ಹಾಕೋಣ.

ಸಂಡೂರು ಗುಡ್ಡ

ಎಫ್‌ಆರ್‌ಪಿ ಲಾಕ್ (ರೀಸೆಟ್ ಮಾಡಿದ ಮೇಲೆ ಹಳೆಯ ಗೂಗಲ್ ಖಾತೆಯನ್ನೇ ಕೇಳುವ ಬೀಗ) ತೆಗೆಯುವ ವಿಧಾನ? ಪಾಸ್‌ವರ್ಡ್ ಮರೆತ ವಯಸ್ಸಾದವರು ಎಷ್ಟು ಮಂದಿ ಇದ್ದಾರೆ. ಅವರು ಕಳ್ಳರಲ್ಲ.

ರಾಯಚೂರು ರಿಪೇರಿ ಅಂಗಡಿ

ನಾನು ಬಿಲ್ಲು, ಪೆಟ್ಟಿಗೆ, ಗುರುತಿನ ಚೀಟಿ ನೋಡದೆ ಆ ಕೆಲಸ ಮುಟ್ಟುವುದಿಲ್ಲ. ಎದುರಿಗಿರುವವರ ಮುಖ ನೋಡಿ ನಾನು ಕೇಳಬಲ್ಲೆ, ಪುಟ ಕೇಳಲಾರದು. ಅದನ್ನು ಬಿಟ್ಟುಬಿಡಿ. ಗೂಗಲ್ ಖಾತೆಯ ಪಾಸ್‌ವರ್ಡನ್ನು ಸರಿಯಾದ ದಾರಿಯಲ್ಲಿ ಮರಳಿ ಪಡೆಯುವುದು ಹೇಗೆಂದು ಒಂದು ಪುಟ ಬರೆದರೆ ವಯಸ್ಸಾದವರಿಗೆ ಅದೇ ಹೆಚ್ಚು ಉಪಕಾರ.

ಸಂಡೂರು ಗುಡ್ಡ

ಸರಿ ಅಣ್ಣ, ಹಾಗಾದರೆ ಆ ಪುಟವನ್ನು ನಾನು ಬರೆಯುತ್ತೇನೆ.

ಮಾನ್ವಿ ಓದುಗ

ಎಲ್ಲಿ ಇಡುವುದು ಎಂಬ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ವಿಕಿ ನಡೆಸುವ ತಂತ್ರಾಂಶಗಳಲ್ಲಿ ಮೀಡಿಯಾವಿಕಿ ಬಲಿಷ್ಠವಾದದ್ದು, ವಿಕಿಪೀಡಿಯ ಅದರ ಮೇಲೆಯೇ ನಡೆಯುತ್ತದೆ. ಆದರೆ ಅದಕ್ಕೆ ಡೇಟಾಬೇಸ್ ಬೇಕು, ನೋಡಿಕೊಳ್ಳುವವರು ಬೇಕು. ಡೋಕುವಿಕಿಯಲ್ಲಿ ಪ್ರತಿ ಪುಟವೂ ಸಾದಾ ಪಠ್ಯ ಕಡತ. ಫೋಲ್ಡರ್ ನಕಲಿಸಿಕೊಂಡರೆ ಇಡೀ ವಿಕಿ ನಮ್ಮ ಕೈಯಲ್ಲಿರುತ್ತದೆ. ಸಣ್ಣ ಗುಂಪಿಗೆ ನಾನು ಡೋಕುವಿಕಿಯ ಪರ. ಯಾವುದನ್ನೇ ಆರಿಸಿದರೂ, ತಿಂಗಳಿಗೊಮ್ಮೆ ಪೂರ್ತಿ ಪ್ರತಿ ಮೂರೂ ಜಿಲ್ಲೆಗಳಲ್ಲಿ ಒಬ್ಬೊಬ್ಬರ ಬಳಿ ಇರಬೇಕು. ಸರ್ವರ್ ಹಣ ಕಟ್ಟುವವರು ಒಬ್ಬರೇ ಆಗಿ, ಅವರು ಕೆಲಸ ಬದಲಿಸಿ ಬೆಂಗಳೂರಿಗೆ ಹೋದರೆ ನಮ್ಮ ವಿಕಿಯೂ ಸೈನೋಜೆನ್‌ಮಾಡ್‌ನ ದಾರಿ ಹಿಡಿಯುತ್ತದೆ.

ಬಳ್ಳಾರಿ ವಿದ್ಯಾರ್ಥಿನಿ

ಡೋಕುವಿಕಿಗೆ ನನ್ನ ಒಪ್ಪಿಗೆ ಇದೆ. ಪರವಾನಗಿಯನ್ನೂ ಮೊದಲ ದಿನವೇ ಬರೆದಿಡೋಣ. ಕ್ರಿಯೇಟಿವ್ ಕಾಮನ್ಸ್‌ನ ಬಿವೈ-ಎಸ್ಎ ಹಾಕಿದರೆ ನಾಳೆ ನಾವು ನಿಲ್ಲಿಸಿದರೂ ಇನ್ನೊಬ್ಬರು ಕಾನೂನುಬದ್ಧವಾಗಿ ಮುಂದುವರಿಸಬಹುದು. ಎಕ್ಸ್‌ಡಿಎಯಿಂದಾಗಲಿ ಟೆಲಿಗ್ರಾಂನಿಂದಾಗಲಿ ಬರಹವನ್ನು ಹಾಗೆಯೇ ಎತ್ತಿ ಹಾಕುವಂತಿಲ್ಲ, ಅದು ಬರೆದವರ ಸ್ವತ್ತು. ಅದರಲ್ಲಿರುವ ಸಂಗತಿಯನ್ನು ನಾವು ಪರೀಕ್ಷಿಸಿ, ನಮ್ಮ ಮಾತಿನಲ್ಲಿ ಬರೆದು, ಕಂಡುಹಿಡಿದವರ ಹೆಸರನ್ನು ಗೌರವದಿಂದ ಹೇಳಬೇಕು.

ಸಿಂಧನೂರು ಕಾಲುವೆ

ಫರ್ಮ್‌ವೇರ್ ಕಡತಗಳು?

ಹಟ್ಟಿ ಗಣಿ

ಕಂಪನಿಯ ಫರ್ಮ್‌ವೇರನ್ನು ನಾವು ಇಟ್ಟುಕೊಂಡು ಹಂಚುವುದು ಬೇಡ, ಅದರ ಹಕ್ಕು ನಮ್ಮದಲ್ಲ, ಅಷ್ಟು ದೊಡ್ಡ ಕಡತಗಳಿಗೆ ಜಾಗವೂ ಇಲ್ಲ. ಕೊಂಡಿಯ ಜೊತೆಗೆ ಕಡತದ ಪೂರ್ಣ ಹೆಸರು, ಗಾತ್ರ, ಎಸ್ಎಚ್ಎ-256 ಮೊತ್ತ (ಕಡತದ ಬೆರಳಚ್ಚಿನಂಥ ಸಂಕೇತ) ಇವನ್ನು ತಪ್ಪದೆ ಬರೆಯೋಣ. ಕೊಂಡಿ ಸತ್ತರೂ ಆ ಮೊತ್ತ ಹಿಡಿದು, ಬೇರೆಲ್ಲೋ ಸಿಕ್ಕ ಕಡತ ಅಸಲಿಯೋ ಅಲ್ಲವೋ ಎಂದು ನೋಡಬಹುದು. ಯಾರೋ ವೈರಸ್ ಸೇರಿಸಿ ಅದೇ ಹೆಸರಿನಲ್ಲಿ ಬಿಟ್ಟಿದ್ದರೂ ಆಗಲೇ ಗೊತ್ತಾಗುತ್ತದೆ.

ಕುಷ್ಟಗಿ ಬಯಲು

ಎಲ್ಲರಿಗೂ ವಂದನೆಗಳು. ಮಾತು ಇಷ್ಟು ದೂರ ಬಂದಿರುವುದರಿಂದ ಕೆಲಸ ಹಂಚಿಕೊಳ್ಳೋಣ. ಮೊದಲು ಎಚ್ಚರಿಕೆಯ ಪುಟಗಳು, ನಂತರ ಮಿಡೋ, ವಿನ್ಸ್, ವೈರೆಡ್ ಈ ಮೂರು ಫೋನುಗಳು, ಏಕೆಂದರೆ ನಮ್ಮ ಭಾಗದ ಮನೆಗಳಲ್ಲಿ ಇವು ಇನ್ನೂ ಸಾಕಷ್ಟು ಉಳಿದಿವೆ. ಎಸ್‌ಪಿ ಫ್ಲ್ಯಾಶ್ ಟೂಲ್ ಪುಟದ ಕರಡನ್ನು ರಿಪೇರಿಯವರು ಹೇಳಿದಂತೆ ಹೀಗೆ ಬರೆದಿದ್ದೇನೆ: ‘ಯಾವ ಕಾರಣಕ್ಕೂ ಫಾರ್ಮ್ಯಾಟ್ ಆಲ್ ಆಯ್ಕೆಯನ್ನು ಬಳಸಬೇಡಿ. ಡೌನ್‌ಲೋಡ್ ಓನ್ಲಿ ಆಯ್ಕೆಯಲ್ಲಿ ಮಾತ್ರ ಕೆಲಸ ಮಾಡಿ, ಅದರಿಂದ ಅಪಾಯವಿಲ್ಲ.’

ರಾಯಚೂರು ರಿಪೇರಿ ಅಂಗಡಿ

‘ಅಪಾಯವಿಲ್ಲ’ ಎಂಬುದನ್ನು ತೆಗೆಯಿರಿ ಸರ್. ಡೌನ್‌ಲೋಡ್ ಓನ್ಲಿಯಲ್ಲೂ ಬೇರೆ ಮಾಡೆಲ್‌ನ ಪ್ರಿಲೋಡರ್ (ಫೋನು ಶುರುವಾಗಲು ಬೇಕಾದ ಮೊದಲ ತಂತ್ರಾಂಶ) ಹೋಗಿಬಿಟ್ಟರೆ ಫೋನು ಮೇಲೇಳುವುದಿಲ್ಲ. ಪ್ರಿಲೋಡರ್ ಮುಂದಿನ ಟಿಕ್ ತೆಗೆಯಬೇಕು, ಫೋನು ಈಗಾಗಲೇ ಪೂರ್ತಿ ಡೆಡ್ ಆಗಿದ್ದಾಗ ಮಾತ್ರ ಅದನ್ನು ಮುಟ್ಟಬೇಕು, ಆಗಲೂ ಅದೇ ಬೋರ್ಡಿನ ಫೈಲೇ ಆಗಿರಬೇಕು ಎಂದು ಬರೆಯಿರಿ. ಡೆಸ್ಕ್‌ಟಾಪ್ ಬಳಸುವವರು ಯುಪಿಎಸ್ ಇಲ್ಲದೆ ಶುರು ಮಾಡಬಾರದು ಎಂಬುದನ್ನೂ ಸೇರಿಸಿರಿ, ನಮ್ಮ ಕಡೆ ಕರೆಂಟು ಹೇಳಿ ಹೋಗುವುದಿಲ್ಲ.

ಕುಷ್ಟಗಿ ಬಯಲು

ಎರಡನ್ನೂ ಸೇರಿಸಿದ್ದೇನೆ. ‘ಅಪಾಯವಿಲ್ಲ’ ತೆಗೆದಿದ್ದೇನೆ. ಪರೀಕ್ಷಿಸಿದವರು ಎಂಬ ಜಾಗದಲ್ಲಿ ನಿಮ್ಮ ಅಂಗಡಿಯನ್ನು ಹಾಕಲೇ?

ರಾಯಚೂರು ರಿಪೇರಿ ಅಂಗಡಿ

‘ರಾಯಚೂರಿನ ಒಬ್ಬ ರಿಪೇರಿಯವರು’ ಎಂದು ಹಾಕಿರಿ. ಎರಡನೆಯವರು ಪರೀಕ್ಷಿಸಿ ನೋಡುವವರೆಗೆ ‘ಒಬ್ಬರೇ ಪರೀಕ್ಷಿಸಿದ್ದು’ ಎಂಬ ಗುರುತು ಅಲ್ಲೇ ಇರಲಿ.